ಮಲ್ಲೇಶಪ್ಪನ ಅಂಗೈ

ಸಿಟ್ಟು ಬಂದವರ ಮೈ ನಿಜವಾಗಿಯೇ ಕಾಯುತ್ತಿದ್ದ ಕಾಲವದು. ಸಿಟ್ಟು ನೆತ್ತಿಗೇರಿದರೆ ಮಲ್ಲೇಶಪ್ಪನ ಅಂಗೈ ಇನ್ನೂರು ಡಿಗ್ರಿ ದಾಟುತ್ತಿತ್ತು. ಹಾಗಾಗಿ ಮೂರು ತಿಂಗಳ ಮೊಮ್ಮಗಳನ್ನು ಅವನಿನ್ನೂ ಎತ್ತಿಕೊಂಡಿರಲಿಲ್ಲ. ಅವಳು ಹುಟ್ಟಿದಂದಿನಿಂದ ಸಿಟ್ಟು ಇಳಿಸಲೆಂದು ದಿನಾ ಬೆಳಿಗ್ಗೆ ಉಣಕಲ್ ಕೆರೆ ಸುತ್ತಿದ, ಹತ್ತು ಕಪ್ ಚಹಾವನ್ನು ಎರಡಕ್ಕಿಳಿಸಿದ, ಒಂಬತ್ತಕ್ಕೇ ಮಲಗಿದ.

ಇಂದು ಮಗಳು ಅವನ ಅಂಗೈಗೆ ಥರ್ಮಾಮೀಟರ್ ಒತ್ತಿ, "ಅಪ್ಪಾ, ನಿಮ್ಮ ಅಳಿಯ ನಿಮ್ಮ ಸ್ಕೂಟರ್ ಒಯ್ದು ಗ್ವಾಡಿಗೆ ಗುದ್ದ್ಯಾರ" ಎಂದಳು.

"ಗ್ವಾಡಿಗೇನೂ ಆಗಿಲ್ಲಲ್ಲ?"

ಥರ್ಮಾಮೀಟರ್ ಮೂವತ್ತನಾಲ್ಕರಲ್ಲೇ ನಿಂತಿತು. ಮಗಳು ನಗುತ್ತ ಕೂಸನ್ನು ಅವನ ಕೈಗಿಟ್ಟಳು. ಕೂಸು ಅವನ ಹೆಬ್ಬೆರಳು ಹಿಡಿದು ಆಕಳಿಸಿತು.

ಹೆಂಡತಿ ನೀಲವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. "ಭಾಳ ಚಂದ ಆತು. ಇಷ್ಟ ವರ್ಷ ನಿಮ್ಮನ್ನ ಸಿಟ್ಟಿಗೆಬ್ಬಿಸಿ ಆ ಕೈಮ್ಯಾಲೆ ರೊಟ್ಟಿ ಬೇಯಿಸಿದೆ. ಇನ್ನ ನನಗೊಂದು ಹಂಚು ತಂದುಕೊಡ್ರಿ."