ಯಕ್ಷಿಯ ಹಲ್ಲು

ಮೊಬೈಲಿನಲ್ಲಿ ನಗುತ್ತಿದ್ದ ಧಾರಾವಾಹಿಯ ಯಕ್ಷಿಯನ್ನು ಹಾಗೇ ನಿಲ್ಲಿಸಿ, ಕುರಿಗಾಹಿ ಕಾಟಪ್ಪ ಕುರಿಯ ವಯಸ್ಸು ಹಿಡಿಯುವಂತೆ ಅವಳ ಹಲ್ಲು ನೋಡಿದ. ಅವಳಿಗೆ ಹದಿನಾರೋ ಮುನ್ನೂರೋ ಎಂದು ಅಭಿಮಾನಿಗಳ ಗ್ರೂಪು ಬೆಳಗಿನಿಂದ ಕಿತ್ತಾಡುತ್ತಿತ್ತು. "ಒಂದು ಹಲ್ಲೂ ಸವೆದಿಲ್ಲ. ಹರೇದ ಹುಡುಗೀನೇ," ಎಂದು ವಾಯ್ಸ್ ಮೆಸೇಜ್ ಕಳಿಸಿದ.

"ಅವಳೇನು ಕುರೀನಾ?" ಅದೇ ಗ್ರೂಪಿನ ಹಿರಿಯೂರಿನ ಮೇಘಶ್ರೀ ವಾಯ್ಸ್ ಮೆಸೇಜಿನಲ್ಲೇ ನಕ್ಕಳು. "ನಿಮ್ಮನ್ನ ಅಣ್ಣ ಅನ್ಲಾ, ತಾತ ಅನ್ಲಾ? ನಿಮಗೆಷ್ಟು ವಯಸ್ಸು?"

ಅವನ ವಯಸ್ಸನ್ನು ಯಾರೂ ಕೇಳಿರಲಿಲ್ಲ. ಮತ್ತೆ ವಾಯ್ಸ್ ಮೆಸೇಜ್ ಒತ್ತಿ ಹೇಳಿದ. "ಗೊತ್ತಿಲ್ಲ ಕಣವ್ವ. ನಮ್ಮೂರ ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದಂತೆ. ಅದ್ಯಾವ ವರ್ಷ ಅಂತ ಹೇಳಾಕೆ ಈಗ ಅವ್ವ ಇಲ್ಲ."

ಅಷ್ಟರಲ್ಲಿ ಗ್ರೂಪು ಯಕ್ಷಿಯ ಗಂಡನ ವಯಸ್ಸಿಗೆ ಹೊರಳಿತ್ತು. ಕಾಟಪ್ಪನ ಮಾತಿಗೆ ಯಾರೂ ಹೂಂ ಎನ್ನಲಿಲ್ಲ. ಬಿಸಿಲು ಇಳಿದ ಮೇಲೆ ಕಾಟಪ್ಪ ತನ್ನ ಆ ಮೆಸೇಜನ್ನು ತಾನೇ ಹಾಕಿಕೊಂಡು, ಮೊಬೈಲು ಕಿವಿಗಿಟ್ಟು, ಕೊನೆಯವರೆಗೂ ಹೂಂಗುಟ್ಟಿದ.