ಹನ್ನೊಂದು ಇಂಚು

ಹೊಸ ಕಾರು ಶೆಡ್ಡಿನೊಳಗೆ ಹೋಯಿತು. ಸೀನಪ್ಪನವರು ಮಾತ್ರ ಹೊರಗೆ ಬರಲಿಲ್ಲ.

ಬಂಗಾರಪೇಟೆಯ ಆ ಬೀದಿಯ ಅರ್ಧ ಜನ ನಿಂತು ನೋಡುತ್ತಿದ್ದರು. ಚಕ್ರದಡಿಯ ನಿಂಬೆಹಣ್ಣುಗಳು ಅಪ್ಪಚ್ಚಿಯಾಗಿದ್ದವು. ಇಂಜಿನ್ ನಿಂತಿತು. ಡ್ರೈವರ್ ಕಡೆಯ ಬಾಗಿಲು ನಾಲ್ಕು ಬೆರಳಷ್ಟು ತೆರೆದು, ಗೋಡೆಗೆ ಟಕ್ ಎಂದು ತಾಗಿ, ಮೆಲ್ಲಗೆ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯ ಬಾಗಿಲೂ ಮುಕ್ಕಾಲು ಗೇಣಷ್ಟು ತೆರೆದು ಹಾಗೇ ಮಾಡಿತು. ಆಮೇಲೆ ಏನೂ ಆಗಲಿಲ್ಲ.

ಅದರ ಅರ್ಥ ಗೊತ್ತಿದ್ದವಳು ಶ್ಯಾಮಲ ಒಬ್ಬಳೇ. ಸೀನಪ್ಪನವರ ಮನೆಗೆ ಅಂಟಿಕೊಂಡ ಆ ಶೆಡ್ಡಿನಲ್ಲಿ ಹದಿಮೂರು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದವಳು ಅವಳು. ಈಗ ಅವಳ ಮಷೀನು, ಕಟಿಂಗ್ ಟೇಬಲ್ಲು, ಅರ್ಧ ಹೊಲಿದ ಹದಿನಾಲ್ಕು ರವಿಕೆ, ಎಲ್ಲವೂ ಚರಂಡಿ ಕಲ್ಲಿನ ಮೇಲೆ ಲಗೇಜ್ ಆಟೋಗೆ ಕಾಯುತ್ತಿದ್ದವು. ಆಟೋ ಬಂದಮೇಲೆ ಎಲ್ಲಿಗೆ ಎಂಬುದು ಅವಳಿಗೂ ಸರಿಯಾಗಿ ತಿಳಿಯದು. ನಂದಿದುರ್ಗ ಚಿನ್ನದ ಗಣಿಯ ಹಳೇ ಕೂಲಿ ಲೈನಿನಲ್ಲಿ ಅವಳ ಮನೆಯೆಂದರೆ ಒಂದೇ ಕೋಣೆ. ಮಷೀನನ್ನು ಒಳಗಿಟ್ಟರೆ ಮಲಗುವ ನಾಲ್ವರಲ್ಲಿ ಒಬ್ಬರು ನಿಂತೇ ನಿದ್ದೆ ಮಾಡಬೇಕು. ಬೇರೆ ಅಂಗಡಿ ಹಿಡಿಯುವ ಶಕ್ತಿ ಇರಲಿಲ್ಲ.

ಬೆಳಿಗ್ಗೆಯೇ ಅವಳು ಕಾರಿನ ಅಗಲಕ್ಕೆ ಟೇಪು ಹಿಡಿದಿದ್ದಳು. ಒಂದು ಸಲಕ್ಕೆ ಟೇಪು ಸಾಲದೆ ಎರಡು ಸಲ ಹಿಡಿದರೆ ಎಪ್ಪತ್ತೆರಡು ಇಂಚು. ಶೆಡ್ಡು ಎಂಬತ್ತಮೂರು ಎನ್ನುವುದು ಅವಳಿಗೆ ತನ್ನ ಸ್ವಂತ ಸೊಂಟದ ಸುತ್ತಳತೆಯಷ್ಟೇ ಬಾಯಿಪಾಠ.

"ಅಣ್ಣ, ಎರಡೂ ಕಡೆ ಸೇರಿ ಹನ್ನೊಂದು ಇಂಚು ಉಳಿತದೆ. ನೀವು ಇಳಿಯೋದೆಂಗೆ?" ಎಂದು ಕೇಳಿಯೂ ಇದ್ದಳು.

ಸೀನಪ್ಪನವರು ರಿಟೈರಾದ ಸ್ಟೇಷನ್ ಮಾಸ್ಟರು. ಕಾರಿನ ಉದ್ದವನ್ನು ಮೂರು ಸಲ ಅಳೆದಿದ್ದರು. ಹಳಿಯ ಮೇಲೆ ಓಡುವ ವಸ್ತುವಿನ ಅಗಲವನ್ನು ಇಡೀ ಸರ್ವೀಸಿನಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. "ಐವತ್ತೆಂಟು ವ್ಯಾಗನ್ ಗೂಡ್ಸನ್ನ ಪಕ್ಕದ ಲೂಪ್ ಲೈನಿಗೆ ತಗೊಂಡೋನು ಕಣಮ್ಮ ನಾನು. ನಿಂಗೆ ಜಾಗ ಬಿಡಕ್ಕೆ ಮನಸಿಲ್ಲ, ಅದಕ್ಕೇ ಇಂಚಿನ ಲೆಕ್ಕ ತಗೊಂಡು ಬತ್ತೀಯ" ಎಂದುಬಿಟ್ಟರು. ಶ್ಯಾಮಲಳಿಗೆ ಆ ಮಾತು ಬಹಳ ನೋವು ಕೊಟ್ಟಿತು, ಯಾಕೆಂದರೆ ಅದರಲ್ಲಿ ಅರ್ಧ ನಿಜವಿತ್ತು.

ಈಗ ಕಾರಿನೊಳಗಿಂದ ಹಾಡು ಕೇಳಿಸತೊಡಗಿತು. ರಿವರ್ಸ್ ತೆಗೆದರೆ ಮುಗಿದುಹೋಗುತ್ತಿತ್ತು. ಆದರೆ ಆರತಿ ಎತ್ತಿಸಿಕೊಂಡು ಒಳಗೆ ಹೋದ ಕಾರು ಐದು ನಿಮಿಷಕ್ಕೆ ಅಷ್ಟೂ ಜನರ ಮುಂದೆ ಹಿಂದಕ್ಕೆ ಬರುವುದೆಂದರೆ, ಅದಕ್ಕಿಂತ ಒಳಗೇ ಸಂಸಾರ ಹೂಡುವುದು ವಾಸಿ ಎನ್ನುವ ಸ್ವಭಾವ ಅವರದು.

"ಏನ್ರೀ, ಕಾಫಿ ಆರೋಯ್ತಾ ಐತೆ, ಇಳಿಯಲ್ವ?" ಎಂದರು ಹೆಂಡತಿ ವೆಂಕಟಲಕ್ಷ್ಮಮ್ಮ, ಗೇಟಿನಿಂದ.

"ಸೆಟ್ಟಿಂಗ್ ನೋಡ್ತಾ ಇದೀನಿ, ಇರೇ!"

"ಅದ್ಯಾವ ಸೆಟ್ಟಿಂಗು? ಬರೀ ಸಿನಿಮಾ ಪಾಟ ಕೇಳಿಸ್ತಾ ಐತೆ!"

"ಚಾಪೆ ದಿಂಬು ಅಲ್ಗೇ ಕೊಟ್ಬಿಡಕ್ಕ" ಎಂದರು ಎದುರು ಮನೆಯ ಮುನಿನಾರಾಯಣಮ್ಮ. "ಎಂಗೂ ಏಸಿ ಐತಲ್ಲ." ಬೀದಿ ಗೊಳ್ಳೆಂದಿತು.

ಶ್ಯಾಮಲ ಕಾಫಿ ಲೋಟ ಇಸಿದುಕೊಂಡು, ಸಂದು ತುಸು ಹೆಚ್ಚಿದ್ದ ಆಚೆ ಕಡೆಯ ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡವಾಗಿ ಕಿಟಕಿಯವರೆಗೆ ಸರಿದಳು. ಅವಳು ಕಡ್ಡಿಯಂಥವಳು. ಸೀನಪ್ಪನವರ ಪೈಜಾಮ ಹೊಲಿದವಳೂ ಅವಳೇ, ಸೊಂಟ ನಲವತ್ತನಾಲ್ಕು. ಅವರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಸಿಗ್ನಲ್ ಬೀಳಲೆಂದು ಕಾಯುವವರ ಹಾಗೆ ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

"ಹೇಳಮ್ಮ" ಎಂದರು ಮೆತ್ತಗೆ. "ನಾನು ಮೊದಲೇ ಹೇಳಿರ್ಲಿಲ್ವಾ ಅಂತ ನೀನೂ ಹೇಳ್ಬಿಡು."

ಹೇಳುವುದು ಎಷ್ಟು ಸುಲಭವಿತ್ತು! ಶ್ಯಾಮಲ ಲೋಟವನ್ನು ಅವರ ಕೈಗಿಟ್ಟಳು. ಬಂದ ಹಾಗೇ ಅಡ್ಡಡ್ಡವಾಗಿ ಹೊರಗೆ ಬಂದು, ಬೀದಿಯ ಕೊನೆಯ ಮನೆಗೂ ಕೇಳುವಂತೆ ಬಾಯಿ ಬಡಿದುಕೊಂಡಳು:

"ಅಯ್ಯೋ ಕಡವುಳೇ, ದೇವ್ರೇ! ಅಣ್ಣ, ಮಷೀನ್ ಸೂಜಿ ಡಬ್ಬಿ ಒಳಗೆ ಚೆಲ್ಲೋಗೈತೆ, ನಾನು ಮರ್ತೇಬಿಟ್ಟಿದ್ದೆ! ಹೊಸಾ ಟೈರು! ಮೊದ್ಲು ಹಿಂದಕ್ಕೆ ತಗೊಳ್ಳಿ!"

ಅವಳ ಮಾತು ಮುಗಿಯುವ ಮೊದಲೇ ಇಂಜಿನ್ ಶುರುವಾಗಿತ್ತು. ಕೀಂ ಕೀಂ ಎನ್ನುತ್ತ ಕಾರು ಬೀದಿಗೆ ಬಂತು. ಬಾಗಿಲು ಪೂರ್ತಿ ತೆರೆಯಿತು. ಸೀನಪ್ಪನವರು ಇಳಿದು, ಶರ್ಟು ಸರಿಮಾಡಿಕೊಂಡು, ಬಗ್ಗಿ ಬಗ್ಗಿ ನಾಲ್ಕೂ ಟೈರು ನೋಡಿದರು. ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಹೇಳುವ ಗಂಟಲಿನಲ್ಲಿ, "ಸೂಜಿ ಚೆಲ್ಲವ್ಳೆ ನೋಡ್ರಿ. ಸ್ವಲ್ಪದ್ರಲ್ಲಿ ತಪ್ತು" ಎಂದರು. ಬೀದಿ ಲೊಚಗುಟ್ಟಿತು. ಯಾರೋ ಶ್ಯಾಮಲಳಿಗೆ ನಾಲ್ಕು ಮಾತು ಅಂದೂ ಅಂದರು. ಅವಳು ತಲೆ ತಗ್ಗಿಸಿ ಅನ್ನಿಸಿಕೊಂಡಳು.

"ಎಷ್ಟಿದ್ವು?" ಎಂದರು ಸೀನಪ್ಪನವರು.

"ಹತ್ತು, ಅಣ್ಣ."

ಅವರು ಅವಳ ಮುಖವನ್ನು ಒಂದು ಕ್ಷಣ ನೋಡಿದರು. "ಹತ್ತೂ ಸಿಗೋವರ್ಗೂ ಕಾರು ಒಳಗೆ ಹಾಕೋ ಮಾತೇ ಇಲ್ಲ. ಆತುರ ಬೇಡ, ನಿಧಾನಕ್ಕೆ ಹುಡುಕು." ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಮಷೀನ್ ಯಾಕೆ ಬಿಸಿಲಲ್ಲಿ ಒಣಗಿಸ್ತೀಯ? ಒಳಗಿಟ್ಕೊಂಡೇ ಹುಡುಕು."

ಅದು ಯುಗಾದಿಗೆ ಮುಂಚಿನ ಮಾತು. ಈಗ ಗೌರಿ ಹಬ್ಬದ ರವಿಕೆಗಳು ಬಂದು ಬಿದ್ದಿವೆ. ಕಾರು ಬೀದಿಯಲ್ಲೇ ನಿಂತು ಕಾಗೆಗಳಿಗೆ ಅನುಕೂಲವಾಗಿದೆ. ಬೀದಿಯಲ್ಲಿ ನಾಲ್ಕು ಜನ ಇರುವ ಹೊತ್ತು ನೋಡಿ ಸೀನಪ್ಪನವರು ಶೆಡ್ಡಿನ ಮುಂದೆ ನಿಲ್ಲುತ್ತಾರೆ. "ಎಷ್ಟು ಸಿಕ್ತಮ್ಮ?" ಎಂದು ಗಟ್ಟಿಯಾಗಿ ಕೇಳುತ್ತಾರೆ.

"ಒಂಬತ್ತು ಸಿಕ್ಕೈತೆ ಅಣ್ಣ, ಇನ್ನೊಂದು ಐತೆ" ಎನ್ನುತ್ತಾಳೆ ಶ್ಯಾಮಲ, ತಲೆ ಎತ್ತದೆ. ಆ ಇನ್ನೊಂದು ಅವಳ ಬೆರಳ ತುದಿಯ ಮುಂದೆಯೇ, ಯಾರದೋ ರವಿಕೆಯ ತೋಳಿನ ಮೇಲೆ, ಟಕಟಕನೆ ಓಡುತ್ತಿರುತ್ತದೆ.