ನಾಮಪತ್ರ ಪರಿಶೀಲನೆಯ ದಿನ

ನೀಲವ್ವನಿಗೆ ಓದು ಬರುತ್ತಿರಲಿಲ್ಲ. ಗಂಡ ಸತ್ತ ದಿನ ಠಾಣೆಯಲ್ಲಿ ಪೊಲೀಸರು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ ದೂರಿನ ಪ್ರತಿಯನ್ನು, ಯಾರಾದರೂ ಕಸಿದುಕೊಂಡಾರೆಂದು ಹೆದರಿ, ಮೂರು ವರ್ಷ ಬಚ್ಚಿಟ್ಟಿದ್ದಳು. ನಾಮಪತ್ರ ಪರಿಶೀಲನೆಯ ದಿನ ಅದನ್ನು ಚುನಾವಣಾಧಿಕಾರಿಯ ಮೇಜಿನ ಮೇಲಿಟ್ಟಳು.

"ತನ್ನ ಮ್ಯಾಲ ಒಂದೂ ಕೇಸಿಲ್ಲಂತ ಈ ಶಾಸಕ ಸುಳ್ಳ ಬರದಾನ್ರೀ ಸಾಹೇಬ್ರ. ಇವ ಕಟ್ಟಿಸಿದ ಸೇತುವಿ ಬಿದ್ದು ನನ್ನ ಗಂಡ ಸತ್ತ. ಇಂಥವ ಮತ್ತ ಚುನಾವಣಿಗೆ ನಿಲ್ಲಬಹುದೇನ್ರೀ?"

ಶಾಸಕ ಹಲ್ಲಿನ ಸಂದಿಯ ಅಡಿಕೆ ಕೆದಕುತ್ತಾ ನಕ್ಕ. "ಜೋರಾಗಿ ಓದ್ರಿ ಸಾಹೇಬ್ರ. ಯವ್ವಗೂ ಕೇಳ್ಲಿ."

ಅಧಿಕಾರಿ ಓದಿ ಮುಗಿಸಿದರೂ ತಲೆ ಎತ್ತಲಿಲ್ಲ. "ದೂರು ಕೊಟ್ಟವರು ನೀವೇ, ಅಮ್ಮ. ಟ್ರ್ಯಾಕ್ಟರಿಗೆ ಹೆಚ್ಚು ಜನರನ್ನ ಹೇರಿ ಸೇತುವೆ ಕೆಡವಿದ ಅಂತ ಆರೋಪ ಇರೋದು ನಿಮ್ಮ ಗಂಡನ ಮೇಲೆ."

ಅಂದು ಹೊಳೆಗೆ ಬಿದ್ದು ಸತ್ತವರು, ಅವನೂ ಸೇರಿ, ಹನ್ನೊಂದು ಮಂದಿ.